ರಾತ್ರಿ ಎರಡು ಗಂಟೆಯ ವ್ಯಾಟ್: ಸ್ಮಾರ್ಟ್ ಮೀಟರ್ ಇರುವ ಮನೆಯವರು ಹಾಕಬೇಕಾದ ಲೆಕ್ಕ

ಸ್ಮಾರ್ಟ್ ಮೀಟರ್ ಹಾಕಿಸಿದ ಮಾತ್ರಕ್ಕೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಹಳೆ ಮೀಟರೂ ಮನೆಯ ವಯರಿಂಗೂ ಸರಿಯಿದ್ದರೆ ಏರುವುದೂ ಇಲ್ಲ. ಮೊದಲು ತಿಂಗಳಿಗೊಮ್ಮೆ ಮಾತ್ರ ಗೊತ್ತಾಗುತ್ತಿದ್ದ ಲೆಕ್ಕವನ್ನು ಅದು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಬರೆದಿಡುತ್ತದೆ, ಅಷ್ಟೇ. ಆ ಲೆಕ್ಕವನ್ನು ನೋಡಿದವರಿಗೆ ಲಾಭ, ನೋಡದವರಿಗೆ ಅದು ಗೋಡೆಯ ಮೇಲಿನ ಇನ್ನೊಂದು ಡಬ್ಬ. ನೋಡಬೇಕಾದದ್ದು ಹೆಚ್ಚೇನಿಲ್ಲ: ರಾತ್ರಿ ಎಲ್ಲರೂ ಮಲಗಿದ ಮೇಲೆ ಎಷ್ಟು ವ್ಯಾಟ್ ಹೋಗುತ್ತಿದೆ, ತಿಂಗಳಲ್ಲಿ ಒಮ್ಮೆಗೆ ಅತಿ ಹೆಚ್ಚು ಎಳೆದದ್ದು ಎಷ್ಟು ಕಿಲೋವ್ಯಾಟ್, ದಿನಕ್ಕೆ ಎಷ್ಟು ಯೂನಿಟ್. ಮೂರೇ ಸಂಖ್ಯೆ.

ಸ್ಮಾರ್ಟ್ ಗ್ರಿಡ್ ಎಂದರೆ ಬರೀ ಮೀಟರ್ ಅಲ್ಲ. ಸಬ್‌ಸ್ಟೇಷನ್, 11 ಕೆವಿ ಫೀಡರ್, ರಸ್ತೆ ಬದಿಯ ಟಿಸಿ (ಟ್ರಾನ್ಸ್‌ಫಾರ್ಮರ್), ಮನೆಯ ಮೀಟರ್, ಎಲ್ಲವೂ ಎರಡೂ ದಿಕ್ಕಿಗೆ ಸುದ್ದಿ ಕಳಿಸುವ ವ್ಯವಸ್ಥೆ ಅದು. ಯಾಕೆ ಬೇಕು ಎಂಬುದನ್ನು ನಮ್ಮ ಸುತ್ತಲೇ ನೋಡಬಹುದು. ಪಡುಬಿದ್ರಿ ಹತ್ತಿರದ ಎಲ್ಲೂರಿನ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವನ್ನು ಬೇಕಾದಾಗ ಆರಿಸಿ, ಬೇಕಾದಾಗ ಹೊತ್ತಿಸಲು ಆಗುವುದಿಲ್ಲ. ಬಾಯ್ಲರ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಪಾವಗಡದ ಸೋಲಾರ್ ಮಧ್ಯಾಹ್ನ ಸುರಿಯುತ್ತದೆ, ಸಂಜೆ ಆರೂವರೆಗೆ ಸೊನ್ನೆ. ಸಂಜೆ ಎಲ್ಲ ಮನೆಗಳಲ್ಲೂ ದೀಪ, ಫ್ಯಾನು, ಮಿಕ್ಸಿ ಒಟ್ಟಿಗೆ ಹೊತ್ತಿದಾಗ ತಕ್ಷಣ ಕೈಗೆ ಸಿಗುವುದು ಹೊಸಂಗಡಿಯ ವಾರಾಹಿಯಂಥ ಜಲವಿದ್ಯುತ್ತು. ಅಲ್ಲಿ 115 ಮೆಗಾವ್ಯಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವ್ಯಾಟ್. ಆದರೆ ಅಣೆಕಟ್ಟಿನ ನೀರಿಗೂ ಮಿತಿ ಉಂಟು. ಸಂಜೆಯ ಯೂನಿಟ್ ದುಬಾರಿ, ಮಧ್ಯಾಹ್ನದ್ದು ಅಗ್ಗ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಮೀಟರ್ ಬದಲಾಯಿಸುವ ದಿನ

ಅಂದು ಮನೆಯಲ್ಲಿ ಒಬ್ಬರಾದರೂ ಇರಬೇಕು. ಹಳೆ ಮೀಟರ್ ಬಿಚ್ಚುವ ಮೊದಲು ಅದರ ಕೊನೆಯ ರೀಡಿಂಗ್ ಕಾಣುವಂತೆ ಒಂದು ಫೋಟೊ, ಹೊಸ ಮೀಟರಿನ ಕ್ರಮಸಂಖ್ಯೆ ಮತ್ತು ಆರಂಭದ ರೀಡಿಂಗ್ ಕಾಣುವಂತೆ ಇನ್ನೊಂದು, ಸೀಲ್‌ಗಳ ಫೋಟೊ ಮತ್ತೊಂದು. ಮುಂದೆ ಬಿಲ್ಲಿನಲ್ಲಿ ತಕರಾರು ಬಂದರೆ ಈ ಮೂರು ಫೋಟೊಗಳಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಬದಲಾವಣೆ ಚೀಟಿಯಲ್ಲಿ ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಸರಿಯಿದೆಯೇ ನೋಡಿಯೇ ಸಹಿ ಹಾಕಿ. ಒಂದೇ ಕಂಪೌಂಡಿನಲ್ಲಿ ಎರಡು ಮೂರು ಮೀಟರ್ ಇರುವ ಮನೆಗಳಲ್ಲಿ ಅದಲು ಬದಲಾಗುವುದು ಇಲ್ಲಿಯೇ. ಪರೀಕ್ಷಿಸುವುದು ಸುಲಭ: ನಿಮ್ಮ ಮೇನ್ ಸ್ವಿಚ್ ಆಫ್ ಮಾಡಿ, ನಿಮ್ಮದೆಂದು ಹೇಳಿದ ಮೀಟರಿನ ಕೆಂಪು ದೀಪ ಮಿನುಗುವುದು ನಿಲ್ಲಬೇಕು.

ಮೀಟರ್ ಕೂರಿಸುವ ಜಾಗವೂ ಮುಖ್ಯ. ನಮ್ಮ ಕರಾವಳಿಯ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡಕ್ಕೆ ಬೀಸುತ್ತದೆ. ಜಗಲಿಯ ಒಳಗೋಡೆ ಒಳ್ಳೆಯದು, ಪಡುವಣ ಗಾಳಿಗೆ ಎದುರಾಗಿರುವ ಹೊರಗೋಡೆ ಕೆಟ್ಟದ್ದು. ಮಳೆಯಿಂದ ಕಾಪಾಡಲೆಂದು ಕಬ್ಬಿಣದ ಪೆಟ್ಟಿಗೆಯೊಳಗೆ ಪೂರ್ತಿ ಮುಚ್ಚಿದರೆ ಸಿಗ್ನಲ್ ಸಾಯುತ್ತದೆ. ರೇಡಿಯೊ ಅಥವಾ ಮೊಬೈಲ್ ಸಿಗ್ನಲ್ಲಿನಲ್ಲಿ ಮಾತಾಡುವ ಸಾಧನ ಅದು. ಪ್ಲಾಸ್ಟಿಕ್ ಮುಚ್ಚಳದ ಪೆಟ್ಟಿಗೆ ಇರಲಿ. ಸಿಗ್ನಲ್ ನಾಲ್ಕು ದಿನ ಸಿಗದಿದ್ದರೆ ಗಾಬರಿ ಬೇಡ, ಲೆಕ್ಕ ಮೀಟರಿನೊಳಗೇ ಉಳಿದಿರುತ್ತದೆ, ಸಿಕ್ಕಾಗ ಕಳಿಸುತ್ತದೆ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿಗೆ ವಯರಿನ ತುದಿ ಹಸಿರುಗಟ್ಟುತ್ತದೆ. ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ತುದಿಗಳನ್ನು ಹೊಸದಾಗಿ ಕತ್ತರಿಸಿ, ಸ್ಕ್ರೂ ಬಿಗಿ ಮಾಡಿದ್ದಾರೆಯೇ ಎಂದು ಕೇಳಿ. ಸಡಿಲ ಸ್ಕ್ರೂ ಬಿಸಿಯಾಗಿ ಟರ್ಮಿನಲ್ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. ಅಂಥದ್ದು ಕಂಡರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ. ಸೀಲ್ ಇರುವ ಭಾಗಕ್ಕೆ ನೀವು ಕೈ ಹಾಕಬೇಡಿ, ನಿಮ್ಮ ಎಲೆಕ್ಟ್ರಿಷಿಯನ್ನೂ ಹಾಕಬಾರದು.

ರಾತ್ರಿಯ ವ್ಯಾಟ್ ಎಣಿಸುವುದು

ಈ ಕೆಲಸಕ್ಕೆ ವಿದ್ಯುತ್ ಕಂಪನಿಯ ಆ್ಯಪ್ ಕೂಡ ಬೇಡ. ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಇಂಪಲ್ಸ್ ಎಂದು ಬರೆದಿರುತ್ತದೆ: 3200, ಕೆಲವದರಲ್ಲಿ 1600 ಅಥವಾ 6400. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತು ಎಂದರ್ಥ. ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ, ಬಂದದ್ದೇ ವ್ಯಾಟ್. 1600ಕ್ಕೆ 2250, 6400ಕ್ಕೆ 562 ಇಟ್ಟುಕೊಳ್ಳಿ.

ರಾತ್ರಿ ಮಲಗುವ ಮುಂಚೆ ಫ್ಯಾನು, ದೀಪ ಆಫ್ ಮಾಡಿ, ಫ್ರಿಜ್ಜಿನ ಕಂಪ್ರೆಸರ್ ಸದ್ದು ನಿಂತಿರುವಾಗ ಅಳೆಯಿರಿ. ಹನ್ನೆರಡೂವರೆ ಸೆಕೆಂಡಿಗೊಂದು ಮಿನುಗು ಬಂತೆನ್ನಿ: 1125ನ್ನು 12.5ರಿಂದ ಭಾಗಿಸಿದರೆ 90 ವ್ಯಾಟ್. ಏನೂ ಉರಿಯದ ಮನೆಯಲ್ಲಿ 90 ವ್ಯಾಟ್ ಎಂದರೆ ದಿನಕ್ಕೆ ಎರಡು ಯೂನಿಟ್ಟಿಗಿಂತ ಹೆಚ್ಚು, ತಿಂಗಳಿಗೆ ಸುಮಾರು 65. ಆ್ಯಪಿನಲ್ಲಿ ಅರ್ಧ ಗಂಟೆಯ ಗ್ರಾಫ್ ಸಿಗುವುದಾದರೆ ರಾತ್ರಿ ಎರಡರಿಂದ ನಾಲ್ಕರವರೆಗಿನ ಅತಿ ತಗ್ಗಾದ ಅಂಕಿಯನ್ನು ಹಿಡಿಯಿರಿ. ಅರ್ಧ ಗಂಟೆಗೆ 0.045 ಯೂನಿಟ್ ಎಂದರೂ ಇದೇ 90 ವ್ಯಾಟ್.

ಎಲ್ಲಿಗೆ ಹೋಗುತ್ತದೆ? ಎಂಸಿಬಿಗಳನ್ನು (ಮೇನ್ ಬೋರ್ಡಿನ ಟ್ರಿಪ್ ಸ್ವಿಚ್ಚುಗಳನ್ನು) ಒಂದೊಂದಾಗಿ ಇಳಿಸುತ್ತಾ ಮಿನುಗು ಎಷ್ಟು ನಿಧಾನವಾಯಿತು ಎಂದು ನೋಡಿದರೆ ಕಳ್ಳ ಸಿಗುತ್ತಾನೆ. ಇನ್ವರ್ಟರ್ ಖಾಲಿ ನಿಂತಾಗಲೂ 15ರಿಂದ 30 ವ್ಯಾಟ್, ನಾಲ್ಕು ಕ್ಯಾಮೆರಾದ ಸಿಸಿಟಿವಿ ಸುಮಾರು 25ರಿಂದ 30, ವೈಫೈ ರೂಟರ್ 8ರಿಂದ 10, ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಆರಿಸಿದರೂ ಹತ್ತರ ಆಸುಪಾಸು, ಫ್ರಿಜ್ಜಿನ ಹಳೆ ಸ್ಟೆಬಿಲೈಸರ್ 5ರಿಂದ 10. ದೇವರ ಕೋಣೆಯ ಅಥವಾ ತುಳಸಿಕಟ್ಟೆಯ ಝೀರೋ ಬಲ್ಬ್ ಹೆಸರಿಗೆ ಮಾತ್ರ ಸೊನ್ನೆ. ಹಳೆಯ ತಂತಿಯ ಬಲ್ಬಾದರೆ 12ರಿಂದ 15 ವ್ಯಾಟ್ ತಿನ್ನುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ದೇವರೇನೂ ಮುನಿಸಿಕೊಳ್ಳುವುದಿಲ್ಲ.

ಗ್ರಾಫಿನಲ್ಲಿ ರಾತ್ರಿಯಿಡೀ ಗೆರೆ ಮಟ್ಟಸವಾಗಿರದೆ ಆಗಾಗ ಮುಳ್ಳಿನ ಹಾಗೆ ಎದ್ದಿದ್ದರೆ ಎರಡನ್ನು ನೋಡಿ. ಮುಳ್ಳು ಸಣ್ಣದಿದ್ದರೆ ಫ್ರಿಜ್, ಅದು ಸಹಜ. ದೊಡ್ಡದಿದ್ದರೆ ಪ್ರೆಷರ್ ಪಂಪ್. ಯಾರೂ ನಲ್ಲಿ ತಿರುಗಿಸದೆ ಪಂಪ್ ಚಾಲೂ ಆಗುತ್ತಿದೆ ಎಂದರೆ ಎಲ್ಲೋ ಫ್ಲಶ್ ಟ್ಯಾಂಕ್ ಅಥವಾ ನಲ್ಲಿ ಸೋರುತ್ತಿದೆ. ಹತ್ತು ರೂಪಾಯಿಯ ವಾಷರ್ ಹಾಳಾದದ್ದನ್ನು ಕರೆಂಟ್ ಗ್ರಾಫ್ ಹೇಳುತ್ತದೆ.

ಬಾವಿಯ ಪಂಪನ್ನೂ ಹೀಗೆಯೇ ಓದಬಹುದು. ಒಂದು ಎಚ್‌ಪಿ ಪಂಪ್ ಲೈನಿನಿಂದ ಎಳೆಯುವುದು ಸುಮಾರು 1.1 ಕಿಲೋವ್ಯಾಟ್. ಟ್ಯಾಂಕ್ ತುಂಬಲು ಡಿಸೆಂಬರಿನಲ್ಲಿ 25 ನಿಮಿಷ ಹಿಡಿಯುತ್ತಿದ್ದದ್ದು ಏಪ್ರಿಲಿನಲ್ಲಿ 35 ಆದರೆ ಬಾವಿಯ ನೀರು ಇಳಿದದ್ದು, ಸಹಜ. ಆದರೆ ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲಿದ್ದಾಗಲೂ 40 ನಿಮಿಷ ಬೇಕೆಂದರೆ ಫುಟ್‌ವಾಲ್ವಿನ ಜಾಲರಿಗೆ ಕಸ ಕಟ್ಟಿದೆ ಅಥವಾ ಪಂಪಿನೊಳಗಿನ ಚಕ್ರ (ಇಂಪೆಲ್ಲರ್) ಸವೆದಿದೆ. ಎಳೆಯುವ ವ್ಯಾಟ್ ಮಾಮೂಲಿಗಿಂತ ತುಂಬಾ ಕಡಿಮೆ ಆಗಿ ಪಂಪ್ ಓಡುತ್ತಲೇ ಇದ್ದರೆ ಅದು ನೀರಿಲ್ಲದೆ ತಿರುಗುತ್ತಿದೆ. ಕೂಡಲೇ ನಿಲ್ಲಿಸಿ, ಸೀಲ್ ಸುಟ್ಟುಹೋಗುತ್ತದೆ.

ಹೊಸ ಮೀಟರ್ ಬಂದ ಮೇಲೆ ಬಿಲ್ ಏರಿತು ಎಂಬ ದೂರು

ದೂರಿಗೆ ಎರಡು ನಿಜವಾದ ಕಾರಣ ಇರಬಹುದು. ಹಳೆಯ ಚಕ್ರದ ಮೀಟರಿಗೆ ವಯಸ್ಸಾದರೆ ತಿಕ್ಕಾಟ ಹೆಚ್ಚಿ ಹತ್ತು ಹದಿನೈದು ವ್ಯಾಟಿಗೆಲ್ಲ ಅದು ಅಲುಗುವುದೇ ಇಲ್ಲ. ಹೊಸದು ಅದನ್ನೂ ಎಣಿಸುತ್ತದೆ. ಇದಕ್ಕೆ ಮದ್ದು ಮೇಲೆ ಹೇಳಿದ ಎಣಿಕೆಯೇ.

ಎರಡನೆಯದು ನ್ಯೂಟ್ರಲ್, ಇದನ್ನು ಎಲೆಕ್ಟ್ರಿಷಿಯನ್ನರೂ ಎಷ್ಟೋ ಸಲ ಗಮನಿಸುವುದಿಲ್ಲ. ಸಿಂಗಲ್ ಫೇಸ್ ಸ್ಮಾರ್ಟ್ ಮೀಟರ್ ಫೇಸಿನಲ್ಲಿ ಹೋಗುವ ಕರೆಂಟನ್ನೂ ನ್ಯೂಟ್ರಲ್ಲಿನಲ್ಲಿ ವಾಪಸು ಬರುವುದನ್ನೂ ಬೇರೆ ಬೇರೆ ಅಳೆಯುತ್ತದೆ. ಎರಡೂ ಸಮ ಇರಬೇಕು. ಇಲ್ಲದಿದ್ದರೆ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ, ಜೊತೆಗೆ ಅರ್ತ್ ಎಂಬ ಸಣ್ಣ ದೀಪ ಹೊತ್ತುತ್ತದೆ. ಕಳ್ಳತನ ಹಿಡಿಯಲು ಮಾಡಿದ ಏರ್ಪಾಡು ಇದು, ಆದರೆ ಅಮಾಯಕರ ಮನೆಯಲ್ಲೂ ಹೊತ್ತುತ್ತದೆ. ಉದಾಹರಣೆಗೆ, ಮಾಲಿಕರ ಮನೆಗೂ ಹಿಂದಿನ ಬಾಡಿಗೆ ಮನೆಗೂ ಬೇರೆ ಬೇರೆ ಮೀಟರ್, ಆದರೆ ಇನ್ವರ್ಟರ್ ಕೂರಿಸುವಾಗ ನ್ಯೂಟ್ರಲ್ ಒಂದೇ ಎಳೆದಿದ್ದಾರೆ. ಆಗ ಬಾಡಿಗೆಯವರ ಫ್ಯಾನಿನ ಕರೆಂಟ್ ಮಾಲಿಕರ ಮೀಟರಿನ ಮೂಲಕ ವಾಪಸಾಗಿ ಇಬ್ಬರ ಬಿಲ್ಲಿಗೂ ಬೀಳುತ್ತದೆ.

ಕಂಡುಹಿಡಿಯಲು ಮೀಟರಿನ ಗುಂಡಿ ಒತ್ತುತ್ತಾ ಹೋಗಿ. ರೀಡಿಂಗ್, ವೋಲ್ಟೇಜ್, ಫೇಸ್ ಕರೆಂಟ್, ನ್ಯೂಟ್ರಲ್ ಕರೆಂಟ್ ಒಂದಾದ ಮೇಲೊಂದು ಬರುತ್ತವೆ. ಫೇಸಿನಲ್ಲಿ 2.1 ಆಂಪಿಯರ್, ನ್ಯೂಟ್ರಲ್ಲಿನಲ್ಲಿ 3 ಇದ್ದರೆ ಬೇರೆಯವರ ಕರೆಂಟ್ ನಿಮ್ಮ ನ್ಯೂಟ್ರಲ್ಲಿನಲ್ಲಿ ಬರುತ್ತಿದೆ. ಫೇಸ್ ಹೆಚ್ಚು, ನ್ಯೂಟ್ರಲ್ ಕಡಿಮೆ ಇದ್ದರೆ ನಿಮ್ಮ ಕರೆಂಟ್ ಬೇರೆ ದಾರಿ ಹಿಡಿದಿದೆ: ಪಕ್ಕದ ನ್ಯೂಟ್ರಲ್, ಅಥವಾ ನೆಲ. ನೆಲಕ್ಕೆ ಸೋರುವುದು ಅಪಾಯದ ಸಂಗತಿ, ಮಳೆಗಾಲದಲ್ಲಿ ಒದ್ದೆಗೋಡೆ, ಗೀಸರಿನ ಒಡೆದ ಕಾಯಿಲ್, ಪಂಪಿನ ಹಳೆ ಕೇಬಲ್ ಇದಕ್ಕೆ ಕಾರಣ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡರೆ ಕಡಿತ ಮಾಡುವ ಸ್ವಿಚ್) ಹಾಕಿಸಿಕೊಂಡಿದ್ದರೆ ಅದು ಟ್ರಿಪ್ ಆಗಿಯೇ ತಿಳಿಸುತ್ತದೆ. ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿಸುವವರು ಇದ್ದಾರೆ; ಅದು ಬಿಲ್ ಉಳಿಸುವ ಮಾತಲ್ಲ, ಪ್ರಾಣದ ಮಾತು.

ಗರಿಷ್ಠ ಬೇಡಿಕೆ

ಬಿಲ್ಲಿನ ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟಿನ ಮೇಲೆ ಬೀಳುತ್ತದೆ. ಹಳೆಯ ಚಕ್ರದ ಮೀಟರಿರುವಾಗ ನೀವು ಅದನ್ನು ಮೀರಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ಒಂದು ಸಮಾಧಾನ ಎಂದರೆ ಮೀಟರ್ ಹಿಡಿಯುವುದು ಕ್ಷಣದ ಎಳೆತವನ್ನಲ್ಲ, 15 ಅಥವಾ 30 ನಿಮಿಷದ ಸರಾಸರಿಯನ್ನು. ಮಿಕ್ಸಿಯನ್ನು ಎರಡು ನಿಮಿಷ ತಿರುಗಿಸಿದರೆ ಲೆಕ್ಕಕ್ಕೇ ಬರುವುದಿಲ್ಲ.

ಬೆಳಿಗ್ಗೆ ಏಳರಿಂದ ಏಳೂವರೆ, ಮಂಜೂರಾದದ್ದು 3 ಕಿಲೋವ್ಯಾಟ್ ಎಂದುಕೊಳ್ಳಿ. 2 ಕಿಲೋವ್ಯಾಟಿನ ಗೀಸರ್ 20 ನಿಮಿಷ ಉರಿದರೆ ಅರ್ಧ ಗಂಟೆಯ ಸರಾಸರಿ 1.33. ಪಂಪ್ ಪೂರ್ತಿ ಅರ್ಧ ಗಂಟೆ, 1.1. ಇಸ್ತ್ರಿಪೆಟ್ಟಿಗೆ ಹೊತ್ತಿ ಆರಿ ಸರಾಸರಿ 0.5. ಫ್ರಿಜ್, ಫ್ಯಾನ್, ಉಳಿದದ್ದು 0.3. ಒಟ್ಟು 3.23, ಮಿತಿ ಮೀರಿತು. ಪಂಪನ್ನು ಎಂಟು ಗಂಟೆಗೆ ಹಾಕಿದರೆ 2.13. ಒಂದು ಯೂನಿಟ್ಟೂ ಕಡಿಮೆ ಬಳಸದೆ ಮಿತಿಯೊಳಗೆ ಬಂದಿರಿ. ಹಂಡೆಗೆ ತೆಂಗಿನ ಮಡಲು ಒಟ್ಟಿ ಬಚ್ಚಲಿನಲ್ಲಿ ನೀರು ಕಾಯಿಸುವ ಮನೆಗಳಿಗೆ ಈ ತಲೆಬಿಸಿಯೇ ಇಲ್ಲ.

ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿಯಲ್ಲಿ ಗ್ರಾಹಕರಿಗೆ ಅನುಕೂಲವಾದ ಎರಡು ಮಾತುಗಳಿವೆ. ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಅದರಲ್ಲಿ ಕಂಡ ಗರಿಷ್ಠ ಬೇಡಿಕೆಯನ್ನು ಹಿಡಿದು ಹಿಂದಿನ ಕಾಲಕ್ಕೆ ದಂಡ ಹಾಕುವಂತಿಲ್ಲ. ಮಂಜೂರಾದ ಲೋಡನ್ನು ಏರಿಸಬೇಕಿದ್ದರೂ ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿರಬೇಕು. ವರ್ಷವಿಡೀ ನಿಮ್ಮ ಬೇಡಿಕೆ ಮಂಜೂರಾದದ್ದಕ್ಕಿಂತ ಎಷ್ಟೋ ಕೆಳಗಿದ್ದರೆ, ಲೋಡ್ ಇಳಿಸಿಕೊಡಿ ಎಂದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಲು ಅದೇ ಅಂಕಿ ಆಧಾರ. ಮಕ್ಕಳೆಲ್ಲ ಬೆಂಗಳೂರು ಸೇರಿ ಇಬ್ಬರೇ ಉಳಿದ ದೊಡ್ಡ ಮನೆಗಳಲ್ಲಿ ಇದರಿಂದ ತಿಂಗಳು ತಿಂಗಳೂ ಉಳಿಯುತ್ತದೆ.

ಮೀಟರಿನೊಳಗೆ ಒಂದು ಸ್ವಿಚ್ಚೂ ಇದೆ. ಲೋಡ್ ಮಿತಿ ಇಟ್ಟಿದ್ದರೆ ಮೀರಿದಾಗ ಅದೇ ಕಡಿತಗೊಳ್ಳುತ್ತದೆ. ಎಂಸಿಬಿ ಬಿದ್ದಿಲ್ಲ, ಪಕ್ಕದ ಮನೆಯಲ್ಲಿ ಕರೆಂಟ್ ಇದೆ, ನಿಮ್ಮ ಮೀಟರಿನ ಪರದೆಯೂ ಬೆಳಗುತ್ತಿದೆ ಎಂದರೆ ಹೀಗಾಗಿರಬಹುದು. ಗೀಸರ್, ಇಸ್ತ್ರಿ ಆರಿಸಿ ಕೆಲವು ನಿಮಿಷ ಕಾಯಿರಿ.

ಇನ್ನೂರು ಯೂನಿಟ್ ಮತ್ತು ಹೊತ್ತಿನ ದರ

ಗೃಹಜ್ಯೋತಿ ಇರುವ ಮನೆಗಳಿಗೆ ಮೀಟರಿನ ದೊಡ್ಡ ಉಪಯೋಗ ಇಲ್ಲಿದೆ. ನಿಮ್ಮ ಪಾಲಿನ ಉಚಿತ ಮಿತಿ 120 ಯೂನಿಟ್ ಎಂದಿದ್ದು 150 ಬಳಸಿದರೆ 30ಕ್ಕೆ ಹಣ ಕಟ್ಟುತ್ತೀರಿ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 200ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 6.6. ರೀಡಿಂಗ್ ದಿನದಿಂದ ಇಪ್ಪತ್ತನೇ ದಿನ 133 ದಾಟಿದ್ದರೆ ಉಳಿದ ಹತ್ತು ದಿನ ಕೈ ಹಿಡಿಯಬೇಕು. ಮೇ ತಿಂಗಳ ಸೆಕೆಗೆ ಒಂದೂವರೆ ಟನ್ನಿನ ಎಸಿ ರಾತ್ರಿಯಿಡೀ ಓಡಿದರೆ ಅದೊಂದೇ ಐದಾರು ಯೂನಿಟ್. ಅದನ್ನು ಬಿಡಲಾಗದಿದ್ದರೆ ಫ್ಯಾನುಗಳ ಕಡೆ ನೋಡಿ: 75 ವ್ಯಾಟಿನ ಹಳೆ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ) ಫ್ಯಾನು ಹಾಕಿದರೆ ದಿನಕ್ಕೆ 15 ಗಂಟೆಯ ಲೆಕ್ಕದಲ್ಲಿ ಒಂದೊಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿತಾಯ.

ಹೊತ್ತಿಗೆ ತಕ್ಕ ದರದ ವಿಷಯ. ಅದೇ 2023ರ ತಿದ್ದುಪಡಿಯ ಪ್ರಕಾರ ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇಕಡಾ 20 ಕಡಿಮೆ, ಪೀಕ್ (ಬೇಡಿಕೆ ಹೆಚ್ಚಿರುವ) ಹೊತ್ತಿನಲ್ಲಿ ಮನೆಯವರಿಗೆ ಕನಿಷ್ಠ ಶೇಕಡಾ 10 ಹೆಚ್ಚು ಇರಬೇಕು. ಯಾವ ಗಂಟೆಗಳು ಎಂದು ನಿಗದಿ ಮಾಡುವುದು ರಾಜ್ಯದ ವಿದ್ಯುತ್ ಆಯೋಗ. ನಿಮ್ಮ ಬಿಲ್ಲಿನಲ್ಲಿ ಹೊತ್ತಿನ ಪ್ರಕಾರ ಯೂನಿಟ್ ಬೇರ್ಪಡಿಸಿದ್ದರೆ ಮಾತ್ರ ಮುಂದಿನ ಲೆಕ್ಕ ಹಾಕಿ. ಸುಲಭಕ್ಕೆ ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಹಗಲು 4.80, ಪೀಕಿನಲ್ಲಿ 6.60. ಪಂಪ್, ವಾಷಿಂಗ್ ಮೆಷಿನ್, ಇಸ್ತ್ರಿ, ದೋಸೆ ಹಿಟ್ಟಿನ ಗ್ರೈಂಡರ್, ಸಂಜೆಯ ಸ್ನಾನದ ಗೀಸರ್ ಸೇರಿ ದಿನಕ್ಕೆ ಮೂರು ಯೂನಿಟ್ ಹಗಲಿಗೆ ಸರಿಸಿದರೆ ತಿಂಗಳಿಗೆ 162 ರೂಪಾಯಿ. ಶೂನ್ಯ ಬಿಲ್ ಬರುವ ಮನೆಗೆ ಇದರಿಂದ ಲಾಭ ಇಲ್ಲ, ಸುಮ್ಮನೆ ಗಡಿಯಾರ ನೋಡುವ ಕಷ್ಟ. ಅಂಗಡಿ, ಹೋಟೆಲ್, ಐಸ್ ಪ್ಲಾಂಟಿನವರಿಗೆ ಮಾತ್ರ ದೊಡ್ಡ ಮೊತ್ತವೇ. ಇನ್ವರ್ಟರನ್ನು ಮರೆಯಬೇಡಿ: ಸಂಜೆ ಕರೆಂಟ್ ಬಂದ ಕೂಡಲೇ 150 ಎಎಚ್ ಬ್ಯಾಟರಿ 200 ವ್ಯಾಟಿಗೂ ಹೆಚ್ಚು ಎಳೆದು ಗಂಟೆಗಟ್ಟಲೆ ಚಾರ್ಜ್ ಆಗುತ್ತದೆ, ಅದೂ ಪೀಕ್ ಹೊತ್ತಿನಲ್ಲೇ.

ಆಟಿಯ (ಜುಲೈ-ಆಗಸ್ಟಿನ) ಮಳೆಯಲ್ಲಿ

ಲೈನಿನ ಮೇಲೆ ಮಡಲು ಬಿದ್ದರೆ ಹಿಂದೆ ಲೈನ್‌ಮನ್ ಕಂಬದಿಂದ ಕಂಬಕ್ಕೆ ನಡೆದೇ ಹುಡುಕಬೇಕಿತ್ತು. ಸ್ಮಾರ್ಟ್ ಮೀಟರ್ ಕರೆಂಟ್ ಹೋದ ಗಳಿಗೆಯಲ್ಲಿ ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಿಂದ ಕೊನೆಯ ಸಂದೇಶ ಕಳಿಸಬಲ್ಲದು. ಒಂದೇ ಮನೆಯಿಂದ ಬಂದರೆ ಸರ್ವಿಸ್ ವಯರ್, ಒಂದು ಟಿಸಿಯ ಎಲ್ಲ ಮನೆಗಳಿಂದ ಬಂದರೆ ಟಿಸಿಯ ಫ್ಯೂಸ್, ಹಲವು ಟಿಸಿಗಳಿಂದ ಬಂದರೆ 11 ಕೆವಿ ಲೈನ್. ಫೀಡರಿನಲ್ಲಿ ರಿಮೋಟ್ ಸ್ವಿಚ್ಚುಗಳಿದ್ದರೆ ಕೆಟ್ಟ ತುಂಡನ್ನು ಬೇರೆ ಮಾಡಿ ಉಳಿದವರಿಗೆ ಕೂಡಲೇ ಕರೆಂಟ್ ಕೊಡಬಹುದು. ಆದರೂ 1912ಕ್ಕೆ ಕರೆ ಮಾಡುವುದನ್ನು ಬಿಡಬೇಡಿ. ಮರ ಬಿದ್ದಿದೆ, ತಂತಿ ನೆಲದಲ್ಲಿದೆ ಎಂದು ಯಾವ ಮೀಟರೂ ಹೇಳುವುದಿಲ್ಲ.

ದೀಪಗಳು ಒಮ್ಮೆಲೇ ಕಣ್ಣು ಕುಕ್ಕುವಷ್ಟು ಬೆಳಗಿದರೆ ಓಡಿ ಹೋಗಿ ಮೇನ್ ಸ್ವಿಚ್ ಆರಿಸಿ. ಕಂಬದಲ್ಲಿ ನ್ಯೂಟ್ರಲ್ ತುಂಡಾದಾಗ ಹೀಗಾಗುತ್ತದೆ, ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಮೀಟರಿನ ಪರದೆಯಲ್ಲಿ 260ಕ್ಕಿಂತ ಹೆಚ್ಚು ಕಂಡರೆ ಲೈನ್‌ಮನ್ ಬಂದು ಹೋಗುವವರೆಗೆ ಮೇನ್ ಹಾಕಬೇಡಿ. ಇದಕ್ಕೆ ತಿರುಗುಮುರುಗಾದ ತೊಂದರೆ, ಅಂದರೆ ಸಂಜೆ 180ಕ್ಕೆ ಇಳಿಯುವುದು, ಇದ್ದರೆ ಒಂದು ವಾರ ಅದೇ ಹೊತ್ತಿಗೆ ಪರದೆಯ ಫೋಟೊ ತೆಗೆದು ದೂರಿನ ಜೊತೆ ಕೊಡಿ.

ಮಾಡಿನ ಮೇಲಿನ ಸೋಲಾರಿನವರಿಗೆ ಎರಡು ಮಾತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಒಳ್ಳೆ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್. ಜುಲೈಯಲ್ಲಿ ಅದರ ಅರ್ಧವೂ ಸಿಗದ ದಿನಗಳೇ ಹೆಚ್ಚು, ವರ್ಷದ ಲೆಕ್ಕ ಹಾಕುವಾಗ ಇದನ್ನು ಕಳೆಯಿರಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ, ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು. ನಡು ಮಧ್ಯಾಹ್ನ ಒಮ್ಮೆ ಮೀಟರಿನಲ್ಲಿ ಎಕ್ಸ್‌ಪೋರ್ಟ್ (ಲೈನಿಗೆ ಕೊಟ್ಟ) ಅಂಕಿ ಏರುತ್ತಿದೆಯೇ ನೋಡಿ. ಏರದೆ ಇಂಪೋರ್ಟ್ ಏರುತ್ತಿದ್ದರೆ ಇನ್ವರ್ಟರ್ ಟ್ರಿಪ್ ಆಗಿದೆ, ಅಥವಾ ಮೀಟರಿನ ಸಂಪರ್ಕ ತಪ್ಪಾಗಿದೆ.

ಬೀಗ ಹಾಕಿದ ಮನೆ

ಮುಂಬೈ, ದುಬೈಯಲ್ಲಿ ಇರುವವರು ಊರಿನ ಮನೆಗೆ ಬೀಗ ಹಾಕಿ ಹೋಗುವುದು ಇಲ್ಲಿ ಸಾಮಾನ್ಯ. ಹೊರಡುವ ಹಿಂದಿನ ರಾತ್ರಿಯ ವ್ಯಾಟ್ ಬರೆದಿಟ್ಟುಕೊಳ್ಳಿ. ಸಿಸಿಟಿವಿ ಮತ್ತು ರೂಟರಿಗೆ ಮಾತ್ರ ಕರೆಂಟ್ ಬಿಟ್ಟರೆ ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸು ಬರಬೇಕು. ಆ್ಯಪಿನಲ್ಲಿ ಅದು ಸೊನ್ನೆಯಾದರೆ ಆರ್‌ಸಿಸಿಬಿ ಬಿದ್ದಿದೆ, ಕ್ಯಾಮೆರಾ ಆರಿದೆ. ಎರಡು ಮೂರಕ್ಕೆ ಏರಿದರೆ ಪಂಪೋ ಗೀಸರೋ ಆನ್ ಉಳಿದಿದೆ, ಇಲ್ಲವೇ ಒದ್ದೆಗೋಡೆಯಲ್ಲಿ ಸೋರುತ್ತಿದೆ. ಪಕ್ಕದ ಮನೆಯವರಿಗೆ ಕರೆ ಮಾಡಿ ಮೇನ್ ಇಳಿಸಲು ಹೇಳಿ. ನೋಂದಾಯಿಸಿದ ಮೊಬೈಲ್ ನಂಬರ್ ನಿಮ್ಮದೇ ಎಂದು ಹೊರಡುವ ಮುಂಚೆ ಖಚಿತ ಮಾಡಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಅದು ವಯರಿಂಗ್ ಮಾಡಿದ ಗುತ್ತಿಗೆದಾರರದ್ದಾಗಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಮೀಟರ್ ಸುಳ್ಳು ಹೇಳುತ್ತಿದೆ ಎನಿಸಿದರೆ ಬರಹದಲ್ಲಿ ದೂರು ಕೊಡಿ. ಗ್ರಾಹಕರ ಹಕ್ಕುಗಳ ನಿಯಮದ 2024ರ ತಿದ್ದುಪಡಿಯ ಪ್ರಕಾರ ದೂರು ತಲುಪಿದ ಐದು ದಿನದೊಳಗೆ ಇನ್ನೊಂದು ಮೀಟರ್ ಜೋಡಿಸಿ ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು. ಆ ಮೂರು ತಿಂಗಳು ಪ್ರತಿ ಭಾನುವಾರ ಒಂದೇ ಹೊತ್ತಿಗೆ ಎರಡೂ ಪರದೆಗಳ ಫೋಟೊ ತೆಗೆಯಿರಿ. ವ್ಯತ್ಯಾಸ ವಾರವಾರವೂ ಒಂದೇ ಪ್ರಮಾಣದಲ್ಲಿದ್ದರೆ ಮೀಟರಿನ ದೋಷ. ಎರಡೂ ಸಮನಾಗಿ ಓಡುತ್ತಿದ್ದರೆ ಮತ್ತೆ ಎಂಸಿಬಿಗಳ ಹತ್ತಿರ ಬನ್ನಿ.